ರಾತ್ರಿ ಪಾಳಿ ಕರೆಂಟು, ರಾತ್ರಿ ಗುಳಿಗೆ, ಬಾರದ ನಿದ್ದಿ

ಈ ವಾರ ಅರಿಶಿನದ ಎಲೆ ಒಣಗುವುದರ ಬಗ್ಗೆ ಬರೆಯುತ್ತೇನೆ ಅಂತ ಹೇಳಿದ್ದೆ. ಅದು ಮುಂದಿನ ವಾರಕ್ಕೆ. ನಮ್ಮ ಫೀಡರಿಗೆ ಸೋಮವಾರದಿಂದ ರಾತ್ರಿ ಪಾಳಿ ಬಂದಿದೆ. ಕಬ್ಬಿಗೆ ನೀರು ಬಿಟ್ಟು ಕೂತಾಗ ಮೂರು ರಾತ್ರಿ ಸೇರಿಸಿ ಬರೆದದ್ದಿದು, ಉದ್ದ ಆಗಿದೆ. ಚಹಾ ಇಟ್ಟುಕೊಂಡು ಓದಿರಿ.

ಈ ಪುಟವನ್ನು ಮೊದಲಿಂದ ಓದುವವರಿಗೆ ಗೊತ್ತಿದೆ, ನನಗೆ ಎಚ್‌ಐವಿ ಇದೆ, 2014ರಿಂದ ಗುಳಿಗೆ ತಗೊಳ್ಳುತ್ತಿದ್ದೇನೆ. ಎರಡು ವರ್ಷದ ಹಿಂದೆ ಇಲ್ಲಿಯೇ ಬರೆದಾಗ ಒಂದಿಷ್ಟು ಮಂದಿ ಪುಟ ಬಿಟ್ಟು ಹೋದರು, ಒಂದಿಷ್ಟು ಮಂದಿ ಹೊಸದಾಗಿ ಬಂದರು. ಹೇಗೆ ಬಂತು ಅಂತ ಈಗಲೂ ಇನ್‌ಬಾಕ್ಸಿಗೆ ಬಂದು ಕೇಳುವವರಿಗೆ ಹಳೆಯ ಉತ್ತರವೇ: ಅದು ಗೊತ್ತಾದರೆ ನಿಮ್ಮ ಎಕರೆಗೆ ಒಂದು ಟನ್ ಹೆಚ್ಚು ಬರುವುದಿಲ್ಲ.

ಆ ಬರಹದ ನಂತರ ಸುತ್ತಮುತ್ತಲ ತಾಲ್ಲೂಕುಗಳಿಂದ ಇದೇ ಕಾಯಿಲೆ ಇದ್ದವರು ಸುಮ್ಮನೆ ಫೋನ್ ಮಾಡುತ್ತಾರೆ. ಹೆಸರು ಹೇಳುವುದಿಲ್ಲ, ನಾನೂ ಕೇಳುವುದಿಲ್ಲ. ಮೊದಲು ಕಬ್ಬಿನ ರೇಟು, ಆಮೇಲೆ ಮಳೆ, ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿರುತ್ತಾರೆ. ಆಮೇಲೆ ಬರುವ ಪ್ರಶ್ನೆ ಬಹಳ ಸಲ ಒಂದೇ: "ಅಣ್ಣಾರ, ನಿಮಗ ರಾತ್ರಿ ನಿದ್ದಿ ಹತ್ತತೈತೇನ್ರಿ?"

ಹದಿನೈದು ದಿನದ ಹಿಂದೆ ರಾತ್ರಿ ಒಂದೂವರೆಗೆ ಒಬ್ಬ ತಮ್ಮ ಫೋನ್ ಮಾಡಿದ. ಟ್ರ್ಯಾಕ್ಟರಿನ ಮೇಲೆ ಕಬ್ಬು ಹೊಡೆಯುವವನು. ಫ್ಯಾಕ್ಟರಿ ಅಂಗಳದಲ್ಲಿ ಸಾಲಿನಲ್ಲಿ ನಿಂತಿದ್ದ, ಹಿಂದೆ ಮುಂದೆ ಇಂಜಿನ್ ಸದ್ದು ಕೇಳುತ್ತಿತ್ತು. ಮೂರು ವರ್ಷದಿಂದ ಗುಳಿಗೆ ತಗೊಳ್ಳುತ್ತಿದ್ದಾನೆ. ಅವನು ಹೇಳಿದ್ದು: "ಗುಳಿಗಿ ತಗೊಂಡ ದಿನಾ ಕಣ್ಣಿಗೆ ಕಣ್ಣ ಹತ್ತೂದಿಲ್ರಿ. ಅದಕ್ಕ ಲೋಡ್ ಇದ್ದ ದಿನಾ ಗುಳಿಗಿ ಬಿಡತೀನಿ. ನಿದ್ದಿಗಣ್ಣಾಗ ಟ್ರ್ಯಾಕ್ಟರ್ ಮ್ಯಾಲೆ ಕುಂತರ ಈ ರೋಗಕಿಂತ ಮೊದಲ ಟ್ರ್ಯಾಲಿನ ನನ್ನ ತಗೊಂಡ ಹೋಗತೈತಿ." ಸೀಸನ್ ಶುರುವಾದ ಮೇಲೆ ವಾರಕ್ಕೆ ನಾಲ್ಕು ದಿನ ಲೋಡು. ಅಂದರೆ ವಾರಕ್ಕೆ ನಾಲ್ಕು ಗುಳಿಗೆ ಇಲ್ಲ. ಮಲಗಲು ಸಿಕ್ಕ ರಾತ್ರಿ ನಿದ್ದಿಗೆ ಅಂತ ಒಂದು ಕ್ವಾರ್ಟರ್. ಮೊನ್ನೆ ವೈರಲ್ ಲೋಡ್ ಪರೀಕ್ಷೆ 1000ಕ್ಕಿಂತ ಮೇಲೆ ಬಂದಿದೆ, ಕೇಂದ್ರದವರು ಮತ್ತೆ ಬಾ ಅಂದಿದ್ದಾರೆ, ಹೋಗಲು ಅವನಿಗೆ ಹೆದರಿಕೆ.

ಅವನ ಒಪ್ಪಿಗೆ ತಗೊಂಡೇ ಇದನ್ನು ಬರೆಯುತ್ತಿದ್ದೇನೆ. "ಹೆಸರ ಬ್ಯಾಡ, ಉಳದದ್ದು ಬರೀರಿ" ಅಂದ.

ಇದು ಅವನೊಬ್ಬನ ಕಥೆಯಲ್ಲ. ಬೇರೆ ಬೇರೆ ದೇಶಗಳಲ್ಲಿ ಎಚ್‌ಐವಿ ಇದ್ದವರನ್ನು ಕೇಳಿ ನೋಡಿದಾಗ ಅರ್ಧಕ್ಕಿಂತ ಹೆಚ್ಚು ಮಂದಿ ನಿದ್ದಿ ಸರಿ ಇಲ್ಲ ಅಂದಿದ್ದಾರೆ. ಆದರೆ ತಿಂಗಳ ಗುಳಿಗೆ ತರಲು ಸಾಲಿನಲ್ಲಿ ನಿಂತಾಗ ಇದನ್ನು ಡಾಕ್ಟರ ಮುಂದೆ ಹೇಳುವವರು ಕಡಿಮೆ. ಜ್ವರ ಹೇಳುತ್ತೇವೆ, ಭೇದಿ ಹೇಳುತ್ತೇವೆ. ನಿದ್ದಿ ಬಾರದ್ದು ಒಂದು ಕಾಯಿಲೆ ಅಂತ ನಮ್ಮ ಮಂದಿಗೆ ಅನಿಸುವುದೇ ಇಲ್ಲ. ರೈತನಿಗಂತೂ ಇಲ್ಲ. ತ್ರೀ ಫೇಸ್ ರಾತ್ರಿ ಹನ್ನೆರಡಕ್ಕೆ ಕೊಟ್ಟರೆ ಇಡೀ ಊರೇ ಎದ್ದಿರುತ್ತದೆ, ಅದರಲ್ಲಿ ಯಾರದು ಕರೆಂಟಿನ ಎಚ್ಚರ, ಯಾರದು ಗುಳಿಗೆಯ ಎಚ್ಚರ ಅಂತ ಯಾರು ನೋಡುತ್ತಾರೆ?

ನನ್ನದನ್ನು ಹೇಳುತ್ತೇನೆ.

2014ರಲ್ಲಿ ನನ್ನ ಸಿಡಿ4 ಎಣಿಕೆ 212 ಇತ್ತು. ಗುಳಿಗೆಗಿಂತ ಮೊದಲೇ ನಿದ್ದಿ ಹೋಗಿತ್ತು. ರಾತ್ರಿ ಬೆವರು ಅಂದರೆ ಚಾದರ ಹಿಂಡುವಂಥ ಬೆವರು, ಅದೂ ಚಳಿಗಾಲದಲ್ಲಿ. ಇಲ್ಲಿ ಒಂದು ಮಾತು ಸೇರಿಸಿಬಿಡುತ್ತೇನೆ: ಎಚ್‌ಐವಿ ಇದ್ದವರಿಗೆ ರಾತ್ರಿ ಬೆವರು, ಜ್ವರ, ಕೆಮ್ಮು, ತೂಕ ಇಳಿಯುವುದು, ಈ ನಾಲ್ಕರಲ್ಲಿ ಒಂದಿದ್ದರೂ ಟಿಬಿ ನೋಡಿಸಬೇಕು. ಅದು ನಿದ್ದಿಯ ತೊಂದರೆ ಅಂತ ಮನೆಯಲ್ಲಿ ಕೂರುವಂಥದ್ದಲ್ಲ. ನನಗೆ ಟಿಬಿ ಇರಲಿಲ್ಲ, ಗುಳಿಗೆ ಶುರುವಾದ ಮೇಲೆ ಬೆವರು ನಿಂತಿತು.

ಆಗ ಕೊಡುತ್ತಿದ್ದದ್ದು ಮೂರು ಔಷಧಿ ಸೇರಿದ ಒಂದೇ ಗುಳಿಗೆ: ಟೆನೊಫೊವಿರ್, ಲ್ಯಾಮಿವುಡಿನ್, ಎಫಾವಿರೆಂಜ್. ಈ ಮೂರನೆಯದು ತಲೆಗೆ ಹೋಗುವ ಗುಳಿಗೆ. ಮೊದಲ ದಿನವೇ ಕೌನ್ಸೆಲರ್ ಮೇಡಂ ಹೇಳಿದ್ದರು, ತಲೆ ತಿರುಗುತ್ತದೆ, ಕನಸು ಬೀಳುತ್ತವೆ, ಮಲಗುವ ಹೊತ್ತಿಗೆ ತಗೊಳ್ಳಿ, ಎಣ್ಣೆ ತುಪ್ಪದ ಊಟದ ಮೇಲೆ ತಗೊಳ್ಳಬೇಡಿ, ಎರಡು ಮೂರು ವಾರದಲ್ಲಿ ಕಡಿಮೆ ಆಗುತ್ತದೆ. ಅವರು ಅಷ್ಟೂ ಹೇಳಿದ್ದರು, ನಾನು ಅಷ್ಟೂ ಕೇಳಿದ್ದೆ. ಆದರೂ ಕನಸು ಬೀಳುತ್ತವೆ ಅನ್ನುವ ಮಾತು ಒಂದು, ಆ ಕನಸು ಬೇರೆ.

ನಾವು ದಿನಾ ಕಾಣುವ ಕನಸನ್ನು ಎದ್ದ ಮೇಲೆ ಅರ್ಧ ಮರೆತಿರುತ್ತೇವೆ. ಇವು ಹಾಗಲ್ಲ. ಕಬ್ಬು ಪಡಸಾಲೆಯ ಒಳಗೆ ಬೆಳೆದು ತೊಲೆ ಎತ್ತುತ್ತಿತ್ತು, ಅದರ ರವದಿ ನನ್ನ ಮುಖಕ್ಕೆ ತಾಗಿ ಉರಿಯುತ್ತಿತ್ತು. 2003ರಲ್ಲಿ ತೀರಿಹೋದ ಅಪ್ಪ ಬಾವಿ ಕಟ್ಟೆಯ ಮೇಲೆ ಕೂತು "ನೀರು ಎಲ್ಲೀತನಾ ಬಂದಾವೋ ತಮ್ಮಾ?" ಅಂತ ಕೇಳಿದ. ಅವನ ಬೀಡಿ ವಾಸನೆ ಎದ್ದ ಮೇಲೂ ಕೋಣೆಯಲ್ಲಿತ್ತು. ಅದು ಕೆಟ್ಟ ಕನಸು ಅಂತ ನಾನು ಹೇಳುವುದಿಲ್ಲ. ಕೆಲವು ರಾತ್ರಿ ಅದಕ್ಕಾಗಿಯೇ ಮಲಗುತ್ತಿದ್ದೆ. ಇನ್ನು ಕೆಲವು ರಾತ್ರಿ ಗ್ರಾಮ ಪಂಚಾಯ್ತಿ ಬೋರ್ಡಿನ ಮೇಲೆ ನನ್ನ ರಿಪೋರ್ಟ್ ಅಂಟಿಸಿರುತ್ತಿತ್ತು, ಓದಲು ಬಾರದವರೂ ನಿಂತು ಓದುತ್ತಿದ್ದರು.

ಕಾರಹುಣ್ಣಿಮೆಯ ರಾತ್ರಿ ಹೋಳಿಗೆ ತುಪ್ಪ ಉಂಡು ಗುಳಿಗೆ ತಗೊಳ್ಳುವ ಪ್ರಸಂಗ ಬಂತು. ಬಂದ ಬೀಗರ ಮುಂದೆ ಹೋಳಿಗೆ ಬೇಡ ಅನ್ನಲು ಆಗಲಿಲ್ಲ. ಜಿಡ್ಡಿನ ಊಟದ ಜೊತೆ ಎಫಾವಿರೆಂಜ್ ರಕ್ತಕ್ಕೆ ಹೆಚ್ಚು ಸೇರುತ್ತದೆ. ಆ ರಾತ್ರಿ ಎದ್ದು ನಿಂತರೆ ನೆಲ ದೋಣಿಯ ಹಾಗೆ ತೇಲಿತು.

ಈಗ ಇದರ ಮೇಲೆ ನಮ್ಮ ರಾತ್ರಿ ಪಾಳಿ ಇಡಿರಿ. ಒಂಬತ್ತೂವರೆಗೆ ಗುಳಿಗೆ, ಹನ್ನೆರಡಕ್ಕೆ ತ್ರೀ ಫೇಸ್. ಗುಳಿಗೆಯ ಮಂಪರು ಏರಿದ ಹೊತ್ತಿಗೆ ಸರಿಯಾಗಿ ಬ್ಯಾಟರಿ ಹಿಡಿದು ಬದುವಿನ ಮೇಲೆ ನಡೆಯಬೇಕು. ಒಂದು ಕಡೆ ತೆರೆದ ಬಾವಿ, ಇನ್ನೊಂದು ಕಡೆ ಕಬ್ಬಿನ ಸಾಲಿನಲ್ಲಿ ಹಾವು, ಒದ್ದೆ ಕೈಯಲ್ಲಿ ಸ್ಟಾರ್ಟರ್. ಆಸ್ಪತ್ರೆಯವರು ಮಲಗುವ ಹೊತ್ತಿಗೆ ತಗೊಳ್ಳಿ ಅನ್ನುತ್ತಾರೆ. ರೈತನ ಮಲಗುವ ಹೊತ್ತು ಯಾವುದು ಅಂತ ಸಬ್‌ಸ್ಟೇಷನ್ನಿನವರನ್ನು ಕೇಳಬೇಕು.

ಅದಕ್ಕೆ ಮೊದಲ ಎರಡು ತಿಂಗಳು ರಾತ್ರಿಯ ನೀರು ನನ್ನ ತಮ್ಮ ನೋಡಿದ, ಹಗಲಿನ ಕೆಲಸ ಪೂರ್ತಿ ನಾನು ಹೊತ್ತೆ. ಕಾಯಿಲೆಯ ಹೆಸರು ಆಗ ಮನೆಯಲ್ಲಿ ಗೊತ್ತಿದ್ದದ್ದು ನನ್ನ ಹೆಂಡತಿಗೆ ಮಾತ್ರ. ಅವಳ ಪರೀಕ್ಷೆಯೂ ಆಗಿತ್ತು, ಅವಳಿಗೆ ಇಲ್ಲ, ಇವತ್ತಿನವರೆಗೂ ಇಲ್ಲ. ತಮ್ಮನಿಗೆ "ಅಣ್ಣಗ ತಲಿ ತಿರಗೂ ಗುಳಿಗಿ ಕೊಟ್ಟಾರ" ಅಂತ ಅವಳೇ ಹೇಳಿದಳು. ಅದು ಸುಳ್ಳೂ ಅಲ್ಲ.

ಮೂರನೇ ತಿಂಗಳಿಗೆ ತಲೆ ತಿರುಗುವುದು ನಿಂತಿತು. ಕನಸು ಮಾತ್ರ ಏಳು ವರ್ಷ ಬಂತು. ಕೆಲವರ ಶರೀರ ಈ ಔಷಧಿಯನ್ನು ಬಹಳ ನಿಧಾನ ಕರಗಿಸುತ್ತದೆ, ಅದು ಹುಟ್ಟಿನಿಂದ ಬಂದ ಗುಣ, ಅಂಥವರಿಗೆ ಉಪದ್ರವ ಹೆಚ್ಚು ಅಂತ ಡಾಕ್ಟರು ಹೇಳಿದರು. ಒಂದೇ ಗೊಬ್ಬರ ಎರಡು ಹೊಲಕ್ಕೆ ಬೇರೆ ಬೇರೆ ಆಗುವುದು ನಮಗೆ ಹೊಸದೇನಲ್ಲ.

ಆ ಏಳು ವರ್ಷದಲ್ಲಿ ನಿದ್ದಿ ಕೆಡಿಸಿದ್ದರಲ್ಲಿ ಗುಳಿಗೆಯ ಪಾಲು ಅರ್ಧ. ಇನ್ನರ್ಧ ಬಚ್ಚಿಡುವುದರದ್ದು. ಕೂಡು ಕುಟುಂಬದಲ್ಲಿ ಎಲ್ಲರೂ ಪಡಸಾಲೆಯಲ್ಲಿ ಸಾಲಾಗಿ ಮಲಗುವ ಮನೆ ನಮ್ಮದು. ಡಬ್ಬಿಯ ಮೇಲಿನ ಚೀಟಿ ಹರಿದು, ಗುಳಿಗೆ ಅಲ್ಲಾಡಿ ಸದ್ದಾಗದ ಹಾಗೆ ಹತ್ತಿ ತುಂಬಿ, ಬೀಜದ ಡಬ್ಬಿಯ ಕೆಳಗೆ ಇಡುತ್ತಿದ್ದೆ. ಅತಿಥಿ ಬಂದ ರಾತ್ರಿ ಎಲ್ಲರೂ ಮಲಗುವವರೆಗೆ ಕಾಯುವುದು. ಕಾಯುತ್ತ ಕಾಯುತ್ತ ನಿದ್ದಿಯ ಹೊತ್ತು ದಾಟಿ ಹೋಗುತ್ತಿತ್ತು. ಆಮೇಲೆ ಬೆಳಗಿನ ಕೋಳಿಯವರೆಗೆ ಲೆಕ್ಕ: ಮಗಳ ಮದುವೆಗೆ ಮೊದಲು ಗೊತ್ತಾದರೆ? ಸೊಸೈಟಿ ಸಾಲದ ಹೊತ್ತಿಗೆ ಗೊತ್ತಾದರೆ? ಇಂಥ ಲೆಕ್ಕಕ್ಕೆ ಎಫಾವಿರೆಂಜ್ ಬೇಕಾಗಿಲ್ಲ. 2017ರ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರಿನಿಂದ ಜಾರಿಯಲ್ಲಿದೆ, ನಮ್ಮ ಒಪ್ಪಿಗೆ ಇಲ್ಲದೆ ಆಸ್ಪತ್ರೆಯವರಾಗಲಿ ಕೆಲಸ ಕೊಟ್ಟವರಾಗಲಿ ಇದನ್ನು ಹೊರಗೆ ಹೇಳುವ ಹಾಗಿಲ್ಲ. ಅದನ್ನು ಓದಿ ನನಗೆ ಧೈರ್ಯ ಬಂತು, ಸುಳ್ಳು ಹೇಳುವುದಿಲ್ಲ. ಆದರೆ ಕಾಯ್ದೆ ಪಡಸಾಲೆಯಲ್ಲಿ ಬಂದು ಮಲಗುವುದಿಲ್ಲ. ತಮ್ಮನಿಗೆ, ಅವ್ವನಿಗೆ ಹೇಳಿದ ಮೇಲೆ ಒಂದು ವಾರ ಮನೆಯಲ್ಲಿ ಯಾರೂ ನೆಟ್ಟಗೆ ಮಾತಾಡಲಿಲ್ಲ. ಎಂಟನೆಯ ದಿನ ಅವ್ವ ಒಂಬತ್ತೂವರೆಗೆ ತಾನೇ ನೀರಿನ ತಂಬಿಗೆ ತಂದಿಟ್ಟಳು. "ಗುಳಿಗಿ ತಗೋ, ಮಕ್ಕೋ" ಅಂದಳು. ಆ ರಾತ್ರಿ ಐದು ತಾಸು ಒಂದೇ ಬೀಸಿಗೆ ಮಲಗಿದೆ. ಗುಳಿಗೆ ಅದೇ ಇತ್ತು.

2021ರಲ್ಲಿ ನಮ್ಮ ಕೇಂದ್ರದಲ್ಲಿ ಎಫಾವಿರೆಂಜ್ ತೆಗೆದು ಡೊಲುಟೆಗ್ರಾವಿರ್ ಇರುವ ಗುಳಿಗೆ ಕೊಟ್ಟರು. ಈಗ ದೇಶದ ತುಂಬ ಬಹುತೇಕ ಎಲ್ಲರಿಗೂ ಇದೇ. ಕನಸು ನಿಂತವು. ಅಪ್ಪ ಬರುವುದೂ ನಿಂತಿತು. ಇದು ಒಳ್ಳೆಯ ಔಷಧಿ, ವೈರಸ್ಸನ್ನು ಬೇಗ ಇಳಿಸುತ್ತದೆ. ಆದರೆ ಇದರಲ್ಲೂ ಕೆಲವರಿಗೆ ನಿದ್ದಿ ಹತ್ತುವುದಿಲ್ಲ. ಎಫಾವಿರೆಂಜ್ ತಲೆ ತಿರುಗಿಸಿ ಕನಸಿನಲ್ಲಿ ಮುಳುಗಿಸಿದರೆ, ಇದು ಕೆಲವರನ್ನು ಮಲಗಿದ ಮೇಲೂ ಎಚ್ಚರ ಇಡುತ್ತದೆ. ಹಳೇ ಅಭ್ಯಾಸದ ಹಾಗೆ ನಾವೆಲ್ಲ ಇದನ್ನೂ ರಾತ್ರಿಯೇ ನುಂಗುತ್ತ ಬಂದೆವು. ಡೊಲುಟೆಗ್ರಾವಿರನ್ನು ರಾತ್ರಿಯೇ ತಗೊಳ್ಳಬೇಕು ಅಂತ ಏನೂ ಇಲ್ಲ. ದಿನಕ್ಕೊಂದು ಸಲ, ಒಂದೇ ಹೊತ್ತಿಗೆ, ಅಷ್ಟೇ. ನಿದ್ದಿ ಕೆಡುವವರಿಗೆ ಅದನ್ನು ಬೆಳಿಗ್ಗೆಗೆ ಬದಲಿಸಿ ಕೊಡುತ್ತಾರೆ. ನಾನು ಕೇಳಿದೆ, ಡಾಕ್ಟರು ಅರ್ಧ ನಿಮಿಷದಲ್ಲಿ ಬರೆದುಕೊಟ್ಟರು. ಬದಲಿಸುವ ದಿನ ಯಾವ ಗುಳಿಗೆ ಯಾವಾಗ ಅಂತ ಅವರನ್ನೇ ಕೇಳಿ ಮಾಡಿಕೊಳ್ಳಿ.

ಬೆಳಿಗ್ಗೆ ತಗೊಳ್ಳುವವರು ಒಂದು ಗಮನಿಸಬೇಕು. ನಿದ್ದಿಗೆಟ್ಟವನಿಗೆ ಎದೆ ಉರಿ ಜಾಸ್ತಿ, ಬೆಳಿಗ್ಗೆ ಎದ್ದ ಕೂಡಲೇ ಗ್ಯಾಸಿನ ಸಿರಪ್ ಕುಡಿಯುವವರು ನಮ್ಮಲ್ಲಿ ಬಹಳ. ಆ ಸಿರಪ್ಪಿನ ಅಲ್ಯೂಮಿನಿಯಂ, ಮೆಗ್ನೀಷಿಯಂ ಈ ಔಷಧಿಯನ್ನು ಹೊಟ್ಟೆಯಲ್ಲೇ ಹಿಡಿದುಬಿಡುತ್ತವೆ. ಗಡಸು ನೀರಿನಲ್ಲಿ ಕಳೆನಾಶಕ ಕಲಸಿದರೆ ಕೆಲಸ ಮಾಡದ ಹಾಗೆ. ಡೊಲುಟೆಗ್ರಾವಿರ್ ತಗೊಂಡು ಎರಡು ತಾಸು ಬಿಟ್ಟು ಸಿರಪ್ ಕುಡಿಯಬೇಕು, ಸಿರಪ್ ಮೊದಲು ಕುಡಿದಿದ್ದರೆ ಆರು ತಾಸು ಬಿಟ್ಟು ಗುಳಿಗೆ. ಕ್ಯಾಲ್ಸಿಯಂ, ಕಬ್ಬಿಣದ ಗುಳಿಗೆಗೂ ಇದೇ ಅಂತರ ಬೇಕು.

ಈಗ ಆ ಟ್ರ್ಯಾಕ್ಟರ್ ತಮ್ಮನ ಗುಳಿಗೆ ಬಿಡುವ ವಿಷಯ. ಅವನಿಗೆ ನಾನು ಹೇಳಿದ್ದು ಔಷಧಿ ಅಂಗಡಿಯ ಭಾಷೆಯಲ್ಲ, ನಮ್ಮ ಹತ್ತಿ ಹೊಲದ ಭಾಷೆ. ಅರ್ಧ ಡೋಸ್ ಔಷಧಿ ಹೊಡೆದರೆ ಹುಳ ಸಾಯುವುದಿಲ್ಲ, ಉಳಿದ ಹುಳ ಆ ಔಷಧಿಗೆ ಒಗ್ಗಿಕೊಳ್ಳುತ್ತದೆ, ಮುಂದಿನ ವರ್ಷ ಪೂರ್ತಿ ಡೋಸ್ ಹೊಡೆದರೂ ಎಲೆ ಮೇಲೆ ಕೂತು ನಗುತ್ತದೆ. ಗುಲಾಬಿ ಕಾಯಿಕೊರಕ ನಮಗೆ ಇದನ್ನು ದುಡ್ಡು ತಗೊಂಡು ಕಲಿಸಿದೆ. ವಾರಕ್ಕೆ ಮೂರು ಗುಳಿಗೆ ಅಂದರೆ ಅರ್ಧ ಡೋಸ್. ನಿದ್ದಿ ಬಾರದಿದ್ದರೆ ಗುಳಿಗೆಯ ಹೊತ್ತು ಬದಲಿಸಬಹುದು, ಬೇಕಾದರೆ ಡಾಕ್ಟರು ಗುಳಿಗೆಯನ್ನೇ ಬದಲಿಸಬಹುದು. ನಮ್ಮಷ್ಟಕ್ಕೆ ನಾವೇ ಬಿಟ್ಟರೆ ಬದಲಿಸಲು ಉಳಿಯುವ ಗುಳಿಗೆ ಕಡಿಮೆಯಾಗುತ್ತ ಹೋಗುತ್ತವೆ.

ಕ್ವಾರ್ಟರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ಹೇಳಿದರೆ ನೀವು ಸ್ಕ್ರೋಲ್ ಮಾಡುತ್ತೀರಿ. ಕುಡಿದರೆ ಕಣ್ಣು ಬೇಗ ಮುಚ್ಚುತ್ತವೆ, ನಿಜ. ಎರಡು ಮೂರು ತಾಸಿಗೆ ಮತ್ತೆ ತೆರೆಯುತ್ತವೆ, ಆಮೇಲಿನ ನಿದ್ದಿ ಚೂರು ಚೂರು. ಔಷಧಿ ಅಂಗಡಿಯಲ್ಲಿ ಚೀಟಿ ಇಲ್ಲದೆ ತರುವ ನಿದ್ದಿ ಗುಳಿಗೆಯೂ ಬೇಡ. ಅವುಗಳಲ್ಲಿ ಕೆಲವು ನಮ್ಮ ಔಷಧಿಗಳ ಜೊತೆ ಜಗಳ ಆಡುತ್ತವೆ. ಜೊತೆಗೆ ಬಾವಿ, ಮೋಟರ್ ಇದ್ದ ಕಡೆ ಮಂಪರಿನವನಿಗೆ ಏನು ಕೆಲಸ?

ಎಲ್ಲರ ನಿದ್ದಿ ಒಂದೇ ಕಾರಣಕ್ಕೆ ಹೋಗಿರುವುದಿಲ್ಲ. ಕೇಂದ್ರದ ಸಾಲಿನಲ್ಲಿ ಪರಿಚಯವಾದ ಒಬ್ಬ ಅಕ್ಕ ಇದ್ದಾರೆ, ಗಂಡ ತೀರಿಕೊಂಡ ಮೇಲೆ ಎರಡು ಎಮ್ಮೆ ಕಟ್ಟಿ ಮಕ್ಕಳನ್ನು ಓದಿಸಿದವರು. ಸರ್ಕಾರ 2004ರ ಏಪ್ರಿಲ್‌ನಲ್ಲಿ ಉಚಿತ ಗುಳಿಗೆ ಶುರು ಮಾಡಿದ ಮೇಲೆ ಮೊದಮೊದಲಿಗೆ ಸೇರಿದವರಲ್ಲಿ ಅವರೊಬ್ಬರು. ಆಗಿನ ಸ್ಟಾವುಡಿನ್ ಅನ್ನುವ ಔಷಧಿ ಜೀವ ಉಳಿಸಿತು, ಆದರೆ ಪಾದದ ನರ ಸುಟ್ಟಿತು. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಅದನ್ನು ಬಿಡಿಸಬೇಕು ಅಂದಿತು, ಈಗ ಅದು ಇಲ್ಲ, ಉರಿ ಮಾತ್ರ ಇದೆ. ರಾತ್ರಿಯೆಲ್ಲ ಪಾದವನ್ನು ಕಡಪಾ ಕಲ್ಲಿಗೆ ಒತ್ತಿ ಮಲಗುತ್ತಾರೆ. "ಎಮ್ಮಿ ಮಲಗತಾವ, ನಾ ಕಾವಲ ಇರತೀನಿ" ಅಂತ ನಗುತ್ತಾರೆ. ಹತ್ತು ವರ್ಷ ಹಾಗೇ ಇದ್ದರು. ಕಾಲುರಿಗೆ ಬೇರೆ ಔಷಧಿ ಇದೆ ಅಂತ ಹೋದ ವರ್ಷ ಕೇಳಿದ ಮೇಲೆ ಗೊತ್ತಾಯಿತು, ಈಗ ಅರ್ಧ ರಾತ್ರಿಯಾದರೂ ಮಲಗುತ್ತಾರಂತೆ. ನನಗಂತೂ ಹೊಸ ಗುಳಿಗೆಯಲ್ಲಿ ಒಂಬತ್ತು ಕೆಜಿ ತೂಕ ಏರಿ ಗೊರಕೆ ಶುರುವಾಗಿದೆ. ನನ್ನ ಹೆಂಡತಿ ಹೇಳುವ ಪ್ರಕಾರ ನಡುವೆ ಉಸಿರು ನಿಂತು ನಿಂತು ಬರುತ್ತದೆ. ಅದನ್ನೂ ತೋರಿಸುವುದಿದೆ.

ನನಗೆ ಉಪಯೋಗ ಬಿದ್ದದ್ದು ಇಷ್ಟು. ರಾತ್ರಿ ಪಾಳಿ ಇರಲಿ ಹಗಲು ಪಾಳಿ ಇರಲಿ, ಏಳುವ ಹೊತ್ತು ಒಂದೇ, ಆರು ಗಂಟೆ. ರಾತ್ರಿ ನೀರು ಬಿಟ್ಟ ಮರುದಿನ ಮಧ್ಯಾಹ್ನ ಅರ್ಧ ತಾಸು ಬೇವಿನ ಕೆಳಗೆ, ಹೆಚ್ಚು ಮಲಗಿದರೆ ಆ ರಾತ್ರಿ ಹೋಯಿತು ಅಂತಲೇ ಲೆಕ್ಕ. ನಾಲ್ಕು ಗಂಟೆಯ ನಂತರ ಚಹಾ ಇಲ್ಲ, ಇದು ಬಹಳ ಕಷ್ಟ, ಬಾಳೆ ವ್ಯಾಪಾರಿಗಳು ಬಂದ ದಿನ ನಡೆಯುವುದಿಲ್ಲ. ನಿದ್ದಿ ಹತ್ತದಿದ್ದರೆ ಹಾಸಿಗೆಯಲ್ಲಿ ಹೊರಳುವುದಿಲ್ಲ, ಎದ್ದು ಕತ್ತಲಲ್ಲೇ ಅಂಗಳದಲ್ಲಿ ಕೂರುತ್ತೇನೆ, ಆಕಳಿಕೆ ಬಂದ ಮೇಲೆ ಒಳಗೆ. ಮೊಬೈಲಿನಿಂದ ಚಾಲೂ ಮಾಡುವ ಸ್ಟಾರ್ಟರ್ ಹಾಕಿಸಿದ್ದೇನೆ. ಕಬ್ಬಿಗೆ ಡ್ರಿಪ್ ಆದ ಎರಡು ಎಕರೆಗೆ ರಾತ್ರಿ ಏಳುವುದೇ ಬೇಡ, ಹಾಯಿನೀರಿನ ಎಕರೆಗಳಿಗೆ ಮಾತ್ರ ಏಳಬೇಕು. (ಎಲ್ಲರೂ ಆಟೊ ಸ್ಟಾರ್ಟರ್ ಹಾಕಿ ಕರೆಂಟ್ ಬಂದ ಕ್ಷಣಕ್ಕೆ ಎಲ್ಲ ಮೋಟರ್ ಒಟ್ಟಿಗೆ ಎದ್ದರೆ ಟಿಸಿ ಸುಡುತ್ತದೆ, ಅದರ ಬೈಗುಳ ಬೇರೆ ದಿನ.) ಹಗಲು ಏಳು ತಾಸು ತ್ರೀ ಫೇಸ್ ಕೊಟ್ಟರೆ ಈ ಬರಹದ ಅರ್ಧ ಬೇಕಾಗುತ್ತಿರಲಿಲ್ಲ, ಕಾಯಿಲೆ ಇದ್ದವರಿಗೂ ಇಲ್ಲದವರಿಗೂ.

ಇವೆಲ್ಲ ಮಾಡಿಯೂ ಎರಡು ಮೂರು ವಾರ ನಿದ್ದಿ ಬಾರದೆ, ಯಾವುದರಲ್ಲೂ ಮನಸ್ಸಿಲ್ಲದೆ, ಬದುಕು ಸಾಕು ಅನಿಸುತ್ತಿದ್ದರೆ ಅದು ಬೇರೆ ಕಾಯಿಲೆ, ಅದಕ್ಕೂ ಔಷಧಿ ಇದೆ. ಕೇಂದ್ರದ ಕೌನ್ಸೆಲರ್ ಮುಂದೆ ಆ ಮಾತನ್ನೇ ಹಾಗೇ ಹೇಳಿರಿ. ಹೋಗಲು ಹೆದರಿಕೆ ಇದ್ದರೆ 1097ಕ್ಕೆ ಫೋನ್ ಮಾಡಿ, ದುಡ್ಡಿಲ್ಲ, ಹೆಸರು ಬೇಕಾಗಿಲ್ಲ.

ಆ ತಮ್ಮ ಹೋದ ಮಂಗಳವಾರ ಕೇಂದ್ರಕ್ಕೆ ಹೋಗಿ ಬಂದ. ಬೈಯುತ್ತಾರೆ ಅಂತ ಹೆದರಿದ್ದವನಿಗೆ ಡಾಕ್ಟರು ಮೊದಲು ಕೇಳಿದ್ದು "ಯಾವ ಹೊತ್ತಿಗೆ ಮಲಗುತ್ತೀ?" ಅಂತ. ಗುಳಿಗೆಯನ್ನು ಬೆಳಿಗ್ಗೆ ಆರಕ್ಕೆ ಬದಲಿಸಿದ್ದಾರೆ. ಫ್ಯಾಕ್ಟರಿ ಗೇಟಿನ ಚಹಾ ಅಂಗಡಿಯಲ್ಲಿ ತಗೊಳ್ಳುತ್ತಾನೆ, ಅಂಗಡಿಯವನು ಬಿಪಿ ಗುಳಿಗೆ ಅಂದುಕೊಂಡಿದ್ದಾನಂತೆ. ಮೂರು ತಿಂಗಳು ಒಂದೂ ತಪ್ಪದೆ ತಗೊಂಡ ಮೇಲೆ ಮತ್ತೆ ವೈರಲ್ ಲೋಡ್ ನೋಡುತ್ತಾರೆ. ಇಳಿದರೆ ಇದೇ ಗುಳಿಗೆ, ಇಳಿಯದಿದ್ದರೆ ಮುಂದಿನದನ್ನು ಅವರು ಯೋಚಿಸುತ್ತಾರೆ.

ನಿನ್ನೆ ಅವನು ಹಗಲು ಹೊತ್ತಿನಲ್ಲಿ ಫೋನ್ ಮಾಡಿದ, ಅದೇ ಮೊದಲ ಸಲ. ಸಾಲಿನಲ್ಲಿ ಟ್ರ್ಯಾಲಿ ಕೆಳಗೆ ಚಾದರ ಹಾಸಿ ಮಲಗಿದ್ದನಂತೆ. "ನಾಕ ತಾಸ ಮಕ್ಕೊಂಡಿದ್ದೆ ಅಣ್ಣಾರ. ಸಾಲ ಮುಂದ ಹೋಗಿ ನನ್ನ ಗಾಡಿ ಅಲ್ಲೇ ನಿಂತಿತ್ತು, ಹಿಂದಿನಾವ ಬಂದು ಕಾಲ ಹಿಡದು ಜಗ್ಗಿ ಎಬ್ಬಿಸಿದಾ, ಹತ್ತ ಮಂದಿ ಬೈದ್ರು" ಅಂದ.